ಮುಖ ನೋಡಿ ಮಣೆ: ಶಾಂಘೈಯಿಂದ ಹಾರ್ಬಿನ್‌ವರೆಗೆ ಬಿಳಿಯರ ಬದುಕಿನ ಜಾಡು

ಚೀನಾಕ್ಕೆ ಹೊರಟವರ ಕೈಯಲ್ಲಿ ಮಹಾಗೋಡೆ, ಅರಮನೆ, ಬುಲೆಟ್ ರೈಲಿನ ಪಟ್ಟಿ ಇದ್ದೇ ಇರುತ್ತದೆ. ಇದು ಬೇರೆಯ ದಾರಿ. ಹೊಟ್ಟೆಪಾಡಿಗೆ ಆ ದೇಶ ಸೇರಿದ ಬಿಳಿಯರು ಎಲ್ಲೆಲ್ಲಿ ನೆಲೆಸಿದರು, ಈಗ ಏನು ಮಾಡಿಕೊಂಡಿದ್ದಾರೆ, ಅವರ ಬಣ್ಣಕ್ಕೆ ಎಲ್ಲಿ ಬೆಲೆ ಕಟ್ಟುತ್ತಾರೆ, ಎಲ್ಲಿ ಕ್ಯಾರೇ ಅನ್ನುವುದಿಲ್ಲ ಎಂದು ನೋಡಿಕೊಂಡು ಹೋಗುವ ಒಂದು ವಾರದ ಸುತ್ತಾಟ. 2020ರ ಜನಗಣತಿಯಲ್ಲಿ ಚೀನಾದ ಮುಖ್ಯಭೂಮಿಯಲ್ಲಿ ಸಿಕ್ಕ ವಿದೇಶಿಯರು 8,45,697. ಹತ್ತು ವರ್ಷ ಹಿಂದೆ 5,93,832. ನೂರನಲವತ್ತು ಕೋಟಿ ಜನರ ನಡುವೆ ಇದು ಸಾರಿಗೆ ಹಾಕಿದ ಉಪ್ಪಿನಷ್ಟೂ ಅಲ್ಲ. ಬಿಳಿಯರು ಅದರಲ್ಲೂ ಒಂದು ಪಾಲು ಮಾತ್ರ. ಆದರೂ ಅಲ್ಲಿನ ಬೀದಿಯಲ್ಲಿ ವಿದೇಶಿ ಎಂದರೆ ಜನರ ಕಣ್ಣಿಗೆ ಮೊದಲು ಕಟ್ಟುವುದು ಬಿಳಿ ಮುಖವೇ.

ಮೊದಲ ದಿನ: ಶಾಂಘೈ, ಪುಡಾಂಗ್ ವಿಮಾನ ನಿಲ್ದಾಣ

ಇಮಿಗ್ರೇಷನ್ ಸಾಲಿನಲ್ಲಿ ಬಣ್ಣಕ್ಕಿಂತ ಮೊದಲು ಪಾಸ್‌ಪೋರ್ಟ್ ಮಾತಾಡುತ್ತದೆ. ಫ್ರಾನ್ಸ್, ಜರ್ಮನಿ, ಇಟಲಿ, ನೆದರ್ಲೆಂಡ್ಸ್, ಸ್ಪೇನ್ ದೇಶದವರಿಗೆ 2023ರ ಡಿಸೆಂಬರ್ 1ರಿಂದ ವೀಸಾ ಬೇಕಿಲ್ಲ. ಮೊದಲು 15 ದಿನವಿದ್ದದ್ದು 2024ರ ನವೆಂಬರ್ 30ರಿಂದ 30 ದಿನವಾಯಿತು, ದೇಶಗಳ ಪಟ್ಟಿಯೂ ಬೆಳೆಯಿತು. ಅಮೆರಿಕದವರು ಮೂರನೇ ದೇಶಕ್ಕೆ ಮುಂದುವರಿಯುವ ಟಿಕೆಟ್ ತೋರಿಸಿ 240 ಗಂಟೆ ಇರಬಹುದು. ಈ ಎರಡೂ ಪಟ್ಟಿಯಲ್ಲಿ ಭಾರತ ಇಲ್ಲ. ನಮ್ಮವರು ಮೊದಲೇ ಪ್ರವಾಸಿ ವೀಸಾ, ಅಂದರೆ ಎಲ್ ವೀಸಾ, ಮಾಡಿಸಿಕೊಂಡೇ ಹೊರಡಬೇಕು. ಬೆರಳಚ್ಚು ಮಾತ್ರ 14ರಿಂದ 70 ವರ್ಷದೊಳಗಿನ ವಿದೇಶಿಯರೆಲ್ಲರೂ ಕೊಡಬೇಕು, ಬಿಳಿಯರಾದರೂ ಬಿಡುವುದಿಲ್ಲ.

ಹೊರಗೆ ಬಂದ ಮೇಲೆ ಮೊದಲ ಕೆಲಸ ದುಡ್ಡು. ನೋಟು ನಡೆಯುತ್ತದೆ, ಆದರೆ ಚಿಲ್ಲರೆ ಕೊಡುವವರು ಕಡಿಮೆ. ಮೊಬೈಲಿನಿಂದ ದುಡ್ಡು ಕೊಡುವ ಆ್ಯಪ್ ಅಲಿಪೇಗೆ ಅಥವಾ ಅಲ್ಲಿನ ವಾಟ್ಸಾಪಿನಂಥ ವೀಚಾಟ್‌ಗೆ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡುಗಳನ್ನು ಊರಲ್ಲಿರುವಾಗಲೇ ಜೋಡಿಸಿಕೊಳ್ಳಿ. ಅಲ್ಲಿಗೆ ಹೋಗಿ ಜೋಡಿಸಲು ಹೊರಟರೆ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇರುವುದಿಲ್ಲ, ಕೆಲಸ ಕೆಡುವುದು ಅಲ್ಲೇ. 200 ಯುವಾನ್ ಒಳಗಿನ ಪಾವತಿಗೆ ಶುಲ್ಕವಿಲ್ಲ, ಅದರ ಮೇಲೆ ಶೇ 3.

ಇನ್ನು ಮಲಗುವ ಜಾಗ. ಹೋಟೆಲಿನವರು ನಿಮ್ಮ ಪಾಸ್‌ಪೋರ್ಟನ್ನು ಪೊಲೀಸರ ಜಾಲಕ್ಕೆ ತಾವೇ ಏರಿಸುತ್ತಾರೆ. ವಿದೇಶಿಯರನ್ನು ವಾಪಸ್ ಕಳಿಸಬಾರದೆಂದು 2024ರಲ್ಲಿ ಸರ್ಕಾರ ಹೇಳಿದ ಮೇಲೂ ಸಣ್ಣ ಲಾಡ್ಜ್‌ಗಳ ಹುಡುಗರಿಗೆ ಆ ತಂತ್ರಾಂಶ ತೆರೆಯಲು ಬಾರದೆ "ರೂಮಿಲ್ಲ" ಅನ್ನುವುದುಂಟು. ಮನೆಯಲ್ಲಿ ಉಳಿಯುವವರಾದರೆ ಹಾಗಲ್ಲ. ಬಂದ 24 ಗಂಟೆಯೊಳಗೆ ಆ ಪ್ರದೇಶದ ಠಾಣೆಯಲ್ಲಿ ತಾತ್ಕಾಲಿಕ ವಾಸದ ನೋಂದಣಿ ಆಗಬೇಕು. ಪಾಸ್‌ಪೋರ್ಟ್, ವೀಸಾ ಪುಟ, ಬಾಡಿಗೆ ಕರಾರು, ಮನೆ ಮಾಲೀಕರ ಗುರುತಿನ ಚೀಟಿಯ ನಕಲು ಕೊಟ್ಟರೆ ಒಂದು ಹಾಳೆ ಸಿಗುತ್ತದೆ. ಅಲ್ಲಿ ನೆಲೆಸಿದ ಬಿಳಿಯರಿಗೆ ಈ ಹಾಳೆ ನಮ್ಮೂರ ರೇಷನ್ ಕಾರ್ಡಿನ ಹಾಗೆ. ವೀಸಾ ನವೀಕರಣದಿಂದ ಹಿಡಿದು ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ತೊಂದರೆ ಹುಟ್ಟುವುದು ಮಾಲೀಕರಿಂದ. ಬಾಡಿಗೆಯ ಮೇಲೆ ತೆರಿಗೆ ಬೀಳುತ್ತದೆಂದು ಕೆಲವರು ನೋಂದಣಿಗೆ ದಾಖಲೆ ಕೊಡುವುದಿಲ್ಲ. ಪಾಸ್‌ಪೋರ್ಟ್ ಬದಲಾದಾಗ, ಮನೆ ಬದಲಾದಾಗ ಮತ್ತೆ ಮಾಡಿಸಬೇಕು. ಮರೆತರೆ ಎಚ್ಚರಿಕೆ, ಜೊತೆಗೆ 2,000 ಯುವಾನ್‌ವರೆಗೆ ದಂಡ ಹಾಕಬಹುದು. ಇಡೀ ದಿನ ಬೀದಿಯಲ್ಲಿ ಮೊಬೈಲಿಗೆ ಫೋಸು ಕೊಟ್ಟು ಬಂದ ಜರ್ಮನ್ನನೂ ಈ ಕಿಟಕಿಯ ಮುಂದೆ ಎಲ್ಲರಂತೆ ಟೋಕನ್ ಹಿಡಿದು ಕೂರುತ್ತಾನೆ.

ಎರಡನೆಯ ದಿನ: ಹಳೆಯ ಫ್ರೆಂಚ್ ಕನ್ಸೆಷನ್

ಬೆಳಿಗ್ಗೆ ನದಿ ದಂಡೆಯ ಹಳೆಯ ರಸ್ತೆ ಬಂಡ್‌ನ ಉತ್ತರ ತುದಿಯ ಹುವಾಂಗ್‌ಪು ಉದ್ಯಾನದಿಂದ ಶುರು ಮಾಡುವುದು ಒಳ್ಳೆಯದು. 1868ರಲ್ಲಿ ತೆರೆದ ಈ ಪಾರ್ಕಿಗೆ, ಚೀನಾದ ನೆಲದಲ್ಲೇ ಇದ್ದರೂ, ಚೀನೀಯರಿಗೆ 1928ರವರೆಗೆ ಪ್ರವೇಶವಿರಲಿಲ್ಲ. "ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ" ಎಂಬ ಒಂದೇ ಸಾಲಿನ ಫಲಕದ ಕಥೆ ಜನಜನಿತ. ನಿಯಮಾವಳಿಯಲ್ಲಿ ಅವು ಬೇರೆ ಬೇರೆ ಕಲಮುಗಳಾಗಿದ್ದವು. ಅವಮಾನವೇನೂ ಅದರಿಂದ ಕಡಿಮೆಯಾಗುವುದಿಲ್ಲ. ಬ್ರಿಟಿಷರು ಮತ್ತಿತರ ವಿದೇಶಿಯರೇ ಆಡಳಿತ ನಡೆಸುತ್ತಿದ್ದ ಆ ಕಾಲದ ಅಂತರರಾಷ್ಟ್ರೀಯ ವಸಾಹತಿನ ರಸ್ತೆಗಳಲ್ಲಿ ಲಾಠಿ ಹಿಡಿದು ನಿಂತವರಲ್ಲಿ ಪಂಜಾಬಿನ ಸಿಖ್ ಪೊಲೀಸರೂ ಇದ್ದರು. 1880ರ ದಶಕದಿಂದಲೇ ಬ್ರಿಟಿಷರು ಅವರನ್ನು ಕರೆತಂದಿದ್ದರು. ಬಿಳಿಯರ ಆಳ್ವಿಕೆಯಲ್ಲಿ ಬೆನ್ನಿಗೆ ಬಿದ್ದ ಏಟು ಭಾರತೀಯರ ಕೈಯಿಂದ ಬಂದದ್ದು ಶಾಂಘೈನ ಹಳಬರಿಗೆ ನೆನಪಿತ್ತು. ಭಾರತೀಯರ ಬಗ್ಗೆ ಅಲ್ಲಿ ಉಳಿದ ಒಂದು ಹಳೆಯ ಬೈಗುಳದ ಬೇರು ಆ ಪೇಟಾದಲ್ಲೇ ಇದೆ.

ಅಲ್ಲಿಂದ ಮೆಟ್ರೋದಲ್ಲಿ ಹುವಾಯ್‌ಹಾಯ್ ರಸ್ತೆಗೆ. ಫ್ರೆಂಚರ ಆಡಳಿತದಲ್ಲಿದ್ದ ಕನ್ಸೆಷನ್ ಪ್ರದೇಶದಲ್ಲಿ ಆಗ ಇದರ ಹೆಸರು ಅವೆನ್ಯೂ ಜೋಫ್ರ್. ರಷ್ಯದ ಕ್ರಾಂತಿಯಿಂದ ಓಡಿಬಂದ "ಬಿಳಿ ರಷ್ಯನ್ನರು" (ಇಲ್ಲಿ ಬಿಳಿ ಎಂದರೆ ಮೈಬಣ್ಣವಲ್ಲ, "ಕೆಂಪು" ಕಮ್ಯುನಿಸ್ಟರ ವಿರೋಧಿಗಳು) 1922ರ ನಂತರ ಗುಂಪುಗುಂಪಾಗಿ ಇಳಿದು ಬೇಕರಿ, ಟೋಪಿ ಅಂಗಡಿ, ಸಂಗೀತ ಪಾಠ ತೆರೆದದ್ದು ಇಲ್ಲಿ. ಬ್ರಿಟಿಷರಿಗೆ ಇವರೆಂದರೆ ಮುಜುಗರ. ಬಿಳಿಯರು ದೊರೆಗಳು ಎಂಬ ತೋರಿಕೆ ಉಳಿಯಬೇಕಾದರೆ ಬಿಳಿಯರು ಬಡವರಾಗಿ ಕಾಣಿಸಬಾರದಷ್ಟೆ! ಇವರೋ ಚೀನೀ ಶ್ರೀಮಂತರ ಮನೆ ಕಾಯುತ್ತಿದ್ದರು, ಅಂಗರಕ್ಷಕರಾಗಿದ್ದರು; ಇವರ ಹೆಣ್ಣುಮಕ್ಕಳು ಟಿಕೆಟ್ಟಿಗೆ ಕುಣಿಯುವ ಹಾಲ್‌ಗಳಲ್ಲಿ ದುಡಿಯುತ್ತಿದ್ದರು. ಗಾವ್‌ಲಾನ್ ರಸ್ತೆಯಲ್ಲಿ ಇವರು ತಮ್ಮ ಚಕ್ರವರ್ತಿ ತ್ಸಾರ್‌ನ ನೆನಪಿಗೆ 1930ರ ದಶಕದಲ್ಲಿ ಕಟ್ಟಿದ ಸಣ್ಣ ಚರ್ಚಿನಲ್ಲಿ 2019ರ ಕೊನೆಗೆ ಕಾವ್ಯದ ಪುಸ್ತಕದಂಗಡಿ ತೆರೆಯಿತು. ಫೆನ್‌ಯಾಂಗ್, ಯುಯೆಯಾಂಗ್ ರಸ್ತೆಗಳು ಕೂಡುವಲ್ಲಿ ರಷ್ಯನ್ ಕವಿ ಪುಷ್ಕಿನ್ ಪ್ರತಿಮೆಯಿದೆ. 1937ರಲ್ಲಿ ನಿಲ್ಲಿಸಿದ್ದನ್ನು 1944ರಲ್ಲಿ ಜಪಾನೀಯರು ಕಿತ್ತರು, 1947ರಲ್ಲಿ ಮತ್ತೆ ನಿಂತಿತು, 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯವರು ಕೆಡವಿದರು, ಈಗಿರುವುದು 1987ರದು.

ಸಂಜೆ ವೂಕಾಂಗ್, ಅನ್‌ಫೂ ರಸ್ತೆಗಳಲ್ಲಿ ಇಂದಿನ ಬಿಳಿಯರು ಸಿಗುತ್ತಾರೆ, ಕಾಫಿ ಅಂಗಡಿಯ ಹೊರಗಿನ ಬೆಂಚುಗಳಲ್ಲಿ. ಕಂಪನಿಯೇ ಮನೆ, ಕಾರು, ಮಕ್ಕಳ ಶಾಲೆ ಎಲ್ಲ ಕೊಟ್ಟು ಕಳಿಸುತ್ತಿದ್ದ ಕಾಲ ಕರಗುತ್ತಿದೆ. ಅದೇ ಕೆಲಸವನ್ನು ವಿದೇಶದಲ್ಲಿ ಓದಿ ಬಂದ ಚೀನೀ ತರುಣ ಕಡಿಮೆ ಸಂಬಳಕ್ಕೆ ಮಾಡುತ್ತಾನೆ. ಮನೆ ಬಾಡಿಗೆ, ಮಕ್ಕಳ ಶಿಕ್ಷಣ, ಭಾಷಾ ಕಲಿಕೆಯ ಭತ್ಯೆಗಳಿಗೆ ವಿದೇಶಿ ನೌಕರರಿಗಿರುವ ತೆರಿಗೆ ವಿನಾಯಿತಿಯನ್ನು 2027ರ ಕೊನೆವರೆಗೆ ಎಳೆದಿದ್ದಾರೆ. ಅದು ನಿಂತರೆ ಕಂಪನಿಗಳ ಲೆಕ್ಕ ಇನ್ನೂ ಬಿಗಿಯಾಗುತ್ತದೆ. 2022ರ ವಸಂತದಲ್ಲಿ ಕೋವಿಡ್‌ಗಾಗಿ ಎರಡು ತಿಂಗಳು ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಮೇಲೆ ಗಂಟುಮೂಟೆ ಕಟ್ಟಿದವರೂ ಬಹಳ. ಆ ಲಾಕ್‌ಡೌನಿನಲ್ಲಿ ತರಕಾರಿ ಸಿಕ್ಕಿದ್ದು ಕಟ್ಟಡದ ವೀಚಾಟ್ ಗುಂಪಿನಲ್ಲಿ ಚೀನೀ ಭಾಷೆಯಲ್ಲಿ ಬರೆಯಬಲ್ಲವರಿಗೆ. ಇಪ್ಪತ್ತು ವರ್ಷವಿದ್ದೂ ಅಕ್ಷರ ಕಲಿಯದವರು ಪಕ್ಕದ ಮನೆಯ ಅಜ್ಜಿಯ ದಯೆಯಲ್ಲಿ ಉಂಡರು.

ಮೂರನೆಯ ದಿನ: ಯಿವೂ, ಹೆಂಗ್‌ಡಿಯನ್

ಹಾಂಗ್‌ಚಾವ್ ನಿಲ್ದಾಣದಿಂದ ಯಿವೂಗೆ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ. ಗೊಂಬೆ, ಬಳೆ, ಛತ್ರಿ, ಕ್ರಿಸ್‌ಮಸ್ ದೀಪಗಳ ಸಗಟು ಪೇಟೆ. ಸುಮಾರು 75,000 ಮಳಿಗೆಗಳು. ಇಲ್ಲಿ ಬಿಳಿ ಮುಖಕ್ಕೆ ವಿಶೇಷ ಮರ್ಯಾದೆಯಿಲ್ಲ. ಅರಬರು, ಆಫ್ರಿಕನ್ನರು, ಭಾರತೀಯರು ಎಷ್ಟೋ ಕಾಲದಿಂದ ಕಂಟೇನರ್ ತುಂಬಿಸುತ್ತಿದ್ದಾರೆ. ಅಂಗಡಿಯಾಕೆ ಕೇಳುವುದು ಎಷ್ಟು ಡಬ್ಬಿ ಬೇಕು ಎಂದು. ನಮ್ಮವರ ಊಟದ ಹೋಟೆಲುಗಳೂ ಇವೆ. ಸಸ್ಯಾಹಾರಿಗಳು ಇಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದು ಜಾಣತನ.

ಮಧ್ಯಾಹ್ನ ಪಕ್ಕದ ಡಾಂಗ್‌ಯಾಂಗ್ ತಾಲ್ಲೂಕಿನ ಹೆಂಗ್‌ಡಿಯನ್‌ಗೆ. 1996ರಲ್ಲಿ ಅಫೀಮು ಯುದ್ಧದ ಸಿನಿಮಾವೊಂದಕ್ಕೆ ಹಳೆಯ ಗುವಾಂಗ್‌ಝೌ ಬೀದಿಯ ಸೆಟ್ ಹಾಕಿದ್ದರಿಂದ ಶುರುವಾಗಿ ಈಗ ಇಡೀ ಪಟ್ಟಣವೇ ಸ್ಟುಡಿಯೊ. ಅಫೀಮು ಯುದ್ಧವೆಂದರೆ ಬ್ರಿಟಿಷರು ಬೇಕಲ್ಲ? ಹಾಗೆ ವಿದೇಶಿ ಎಕ್ಸ್‌ಟ್ರಾಗಳ ಮಾರುಕಟ್ಟೆಯೂ ಬೆಳೆಯಿತು. ದಲ್ಲಾಳಿಯ ವೀಚಾಟ್ ಗುಂಪಿನಲ್ಲಿ ಹಿಂದಿನ ರಾತ್ರಿ ಬೇಡಿಕೆ ಬೀಳುತ್ತದೆ: ಗಡ್ಡವಿರುವ ಪಾದ್ರಿ ಒಬ್ಬ, ಎತ್ತರದ ಸೈನಿಕರು ಇಷ್ಟು, ರಾಯಭಾರಿಯ ಹೆಂಡತಿ ಒಬ್ಬಳು. ಉಕ್ರೇನಿನವನು ಅಮೆರಿಕನ್ ಪೈಲಟ್ ಆಗುತ್ತಾನೆ, ರಷ್ಯನ್ ವಿದ್ಯಾರ್ಥಿ ಬ್ರಿಟಿಷ್ ಕರ್ನಲ್ ಆಗುತ್ತಾನೆ. ಹೇಗೂ ಕೊನೆಗೆ ಚೀನೀ ದನಿ ಜೋಡಿಸುವುದರಿಂದ ಉಚ್ಚಾರಣೆ ಯಾರಿಗೂ ಬೇಕಿಲ್ಲ. ದಿನಗೂಲಿ ಚೀನೀ ಎಕ್ಸ್‌ಟ್ರಾಗಳಿಗಿಂತ ಹೆಚ್ಚು. ಪಾತ್ರ ಮಾತ್ರ ಎರಡೇ ಬಗೆ: ಕೆಟ್ಟ ಬಿಳಿಯ, ಇಲ್ಲವೇ ಚೀನಾವನ್ನು ಮೆಚ್ಚುವ ಒಳ್ಳೆಯ ಬಿಳಿಯ.

ಇದೇ ವ್ಯಾಪಾರ ಸೆಟ್ಟಿನ ಹೊರಗೂ ನಡೆಯಿತು. 2010ರ ಆಸುಪಾಸಿನಲ್ಲಿ ಸಣ್ಣ ಊರುಗಳ ಅಪಾರ್ಟ್‌ಮೆಂಟ್ ಮಾರಾಟ ಮೇಳಗಳಿಗೆ ಬಿಳಿಯರನ್ನು ಬಾಡಿಗೆಗೆ ತರುತ್ತಿದ್ದರು. ಸೂಟು ಹಾಕಿದವನು ವಾಸ್ತುಶಿಲ್ಪಿ, ಗಿಟಾರ್ ಹಿಡಿದವನು ಹೆಸರಾಂತ ಗಾಯಕ, ಬಿಳಿ ಕೋಟು ತೊಟ್ಟವನು ವೈದ್ಯ. ನಗರ ಅಂತರರಾಷ್ಟ್ರೀಯವಾಗುತ್ತಿದೆ ಎಂದು ಕೊಳ್ಳುವವರಿಗೆ ಅನ್ನಿಸಬೇಕು, ಅಷ್ಟೇ. ಈ ಕೂಲಿಗೆ ಹೋದವರನ್ನು ಅಲ್ಲಿನ ವಿದೇಶಿಯರೇ "ಬಿಳಿ ಕೋತಿ" ಎಂದು ಕರೆದುಕೊಳ್ಳುತ್ತಾರೆ. ಕಪ್ಪು ಅಮೆರಿಕನ್ನನಿಗೂ ಭಾರತೀಯ ಮೂಲದ ಬ್ರಿಟಿಷನಿಗೂ ಈ ಕೆಲಸ ಸಿಗುವುದು ಅಪರೂಪ.

ನಾಲ್ಕನೆಯ ದಿನ: ರೈಲು

ಯಿವೂನಿಂದ ಬೀಜಿಂಗ್‌ಗೆ ಆರೇಳು ಗಂಟೆ. ಟಿಕೆಟ್ ಪಾಸ್‌ಪೋರ್ಟ್ ಹೆಸರಿಗೇ ಅಂಟಿರುತ್ತದೆ, ಕಾಗದ ಬೇಕಿಲ್ಲ. ಸ್ವಯಂಚಾಲಿತ ಗೇಟು ಚೀನೀ ಗುರುತಿನ ಚೀಟಿಗಾಗಿ ಮಾಡಿದ್ದು, ಆದ್ದರಿಂದ ಅಂಚಿನಲ್ಲಿ ಸಿಬ್ಬಂದಿ ನಿಂತ ದಾರಿಗೆ ಹೋಗಿ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಬುಕ್ ಮಾಡಬೇಕು. ಅಪ್ಪನ ಹೆಸರು, ಇನಿಷಿಯಲ್ ಎಂದು ಗೊಂದಲ ಮಾಡಿಕೊಳ್ಳುವ ನಮ್ಮ ದಕ್ಷಿಣದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಬೋಗಿಯಲ್ಲಿ ಬಿಸಿನೀರು ಪುಕ್ಕಟೆ. ಅವಲಕ್ಕಿ, ಎಂಟಿಆರ್ ಉಪ್ಪಿಟ್ಟಿನ ಪೊಟ್ಟಣ ಒಯ್ದವರು ಗೆದ್ದರು.

ಐದನೆಯ ದಿನ: ಬೀಜಿಂಗ್

ಹಾಯ್‌ದಿಯನ್ ಪ್ರದೇಶದ ಯೂಯಿ ಹೋಟೆಲ್, ಅಂದರೆ ಸ್ನೇಹ ಹೋಟೆಲ್, 1954ರಲ್ಲಿ ಸೋವಿಯತ್ ತಜ್ಞರಿಗಾಗಿ ಕಟ್ಟಿದ್ದು. 1960ರಲ್ಲಿ ಮಾಸ್ಕೋ ಜಗಳವಾಡಿ ತಜ್ಞರನ್ನು ಹಿಂದಕ್ಕೆ ಕರೆಸಿಕೊಂಡ ಮೇಲೆ ಬೇರೆ ದೇಶಗಳ "ವಿದೇಶಿ ತಜ್ಞರು" ಬಂದರು. ಅವರಿಗೆ ಬೇರೆ ಸಂಬಳ, ಬೇರೆ ಊಟದ ಕೋಣೆ, ಬೇರೆ ಕಾರು. 1980ರಲ್ಲಿ ವಿದೇಶಿಯರಿಗೆಂದೇ ಪ್ರತ್ಯೇಕ ನೋಟು ಬಂತು. ಸ್ನೇಹ ಮಳಿಗೆಗಳಲ್ಲಿ ಆಮದು ಸಾಮಾನು ಸಿಗುತ್ತಿದ್ದುದು ಅದಕ್ಕೆ. ಚೀನೀಯರು ಅದನ್ನು ಕಾಳಸಂತೆಯಲ್ಲಿ ಹೆಚ್ಚು ಕೊಟ್ಟು ಕೊಳ್ಳುತ್ತಿದ್ದರು. ವಿದೇಶಿಯರೂ ಬಿಟ್ಟಿ ಸುಖದಲ್ಲಿರಲಿಲ್ಲ, ರೈಲು, ಹೋಟೆಲುಗಳಲ್ಲಿ ಅವರಿಗೆ ದರವೇ ಬೇರೆ. ಆ ನೋಟು 1995ರ ಜನವರಿಯಲ್ಲಿ ರದ್ದಾಯಿತು. ಬಿಳಿಯನೆಂದರೆ ದುಡ್ಡಿರುವವ, ಸರ್ಕಾರದ ಅತಿಥಿ ಎಂಬ ಭಾವನೆ ಮೈಗೂಡಿದ್ದರಲ್ಲಿ ಈ ವ್ಯವಸ್ಥೆಯ ಕೈವಾಡ ದೊಡ್ಡದು.

ಈಗ ಬೀಜಿಂಗ್‌ನ ಬಿಳಿಯರಲ್ಲಿ ಹೆಚ್ಚು ಚರ್ಚೆಯಾಗುವ ವಿಷಯ ಇಂಗ್ಲಿಷ್ ಪಾಠದ ಕೆಲಸ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. 2017ರ ಏಪ್ರಿಲ್‌ನಿಂದ ವಿದೇಶಿ ನೌಕರರನ್ನು ಎ (ಉನ್ನತ ಪ್ರತಿಭೆಗಳು), ಬಿ (ವೃತ್ತಿಪರರು), ಸಿ (ಉಳಿದವರು) ಎಂದು ವಿಂಗಡಿಸುತ್ತಾರೆ. ಸಂಬಳ, ಓದು, ಅನುಭವಗಳಿಗೆ ಅಂಕ ಕೊಡುವ ದಾರಿಯಲ್ಲಿ ಬಂದವರಿಗೆ 85 ಅಥವಾ ಹೆಚ್ಚಿದ್ದರೆ ಎ, 60 ಅಥವಾ ಹೆಚ್ಚಿದ್ದರೆ ಬಿ. ಭಾಷಾ ಶಿಕ್ಷಕರು ಸಾಮಾನ್ಯವಾಗಿ ತಮ್ಮ ತಾಯ್ನುಡಿಯನ್ನೇ ಕಲಿಸಬೇಕು, ಪದವಿ ಇರಬೇಕು, ಎರಡು ವರ್ಷದ ಅನುಭವ ಬೇಕು. ಇಂಗ್ಲಿಷ್‌ಗೆ ಅಧಿಕಾರಿಗಳು ಒಪ್ಪುವುದು ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟ್‌ಗಳನ್ನು. ಪದವಿ ಪತ್ರ ದೃಢೀಕರಣ, ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಆದ ಮೇಲೆ ಅನುಮತಿ ಸೂಚನೆ, ಅದರ ಮೇಲೆ ಕೆಲಸದ ವೀಸಾ, ಅಂದರೆ ಝಡ್ ವೀಸಾ, ದೇಶಕ್ಕೆ ಬಂದ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ. ಒಂದು ದೇಶದ ದಾಖಲೆಯನ್ನು ಒಂದೇ ಮುದ್ರೆಗೆ ಇನ್ನೊಂದು ದೇಶ ಒಪ್ಪುವ ಅಪಾಸ್ಟಿಲ್ ಒಪ್ಪಂದ 2023ರ ನವೆಂಬರ್‌ನಲ್ಲಿ ಚೀನಾದಲ್ಲಿ ಜಾರಿಗೆ ಬಂದದ್ದರಿಂದ ಯುರೋಪಿನವರ ಕಾಗದದ ಕೆಲಸ ಹಗುರವಾಗಿದೆ. ಭಾರತ ಮತ್ತು ಚೀನಾ ನಡುವೆ ಅದು ಅನ್ವಯಿಸುವುದಿಲ್ಲ. ನಮ್ಮ ಪದವಿ ಪತ್ರಗಳು ಹಳೆಯ ಹಾಗೆ ರಾಯಭಾರ ಕಚೇರಿಯ ಮುದ್ರೆಗೇ ಕಾಯಬೇಕು.

ಕಾನೂನು ಹೀಗೆ ಪಾಸ್‌ಪೋರ್ಟ್ ನೋಡುತ್ತದೆ. ಫೀಜು ಕಟ್ಟುವ ತಂದೆತಾಯಿ ಮುಖ ನೋಡುತ್ತಾರೆ. ಈ ಎರಡರ ನಡುವಿನ ಸಂದಿಯಲ್ಲಿ ದಲ್ಲಾಳಿಗಳು ಬದುಕುತ್ತಾರೆ. ಶಿಶುವಿಹಾರದ ಮಾದರಿ ತರಗತಿಯನ್ನೇ ನೋಡಿ. ಶನಿವಾರ ಬೆಳಿಗ್ಗೆ, ನೆಲಕ್ಕೆ ಬಣ್ಣದ ಫೋಮ್ ಹಾಸು, ಗೋಡೆಯ ಪಕ್ಕ ಸಣ್ಣ ಕುರ್ಚಿಗಳಲ್ಲಿ ಅಜ್ಜಿ ತಾತಂದಿರು, ಮೊಬೈಲ್ ಎತ್ತಿ ಹಿಡಿದ ಅಮ್ಮಂದಿರು. ನಡುವೆ ಹೊಂಬಣ್ಣದ ಕೂದಲಿನ ಯುವತಿ ಸೇಬಿನ ಚಿತ್ರ ಎತ್ತಿ ಕೂಗುತ್ತಾಳೆ, ಕುಣಿಯುತ್ತಾಳೆ, ಮಕ್ಕಳ ಅಂಗೈಗೆ ಚಪ್ಪಾಳೆ ತಟ್ಟುತ್ತಾಳೆ. ನಿಜವಾಗಿ ವ್ಯಾಕರಣ ಹೇಳಿಕೊಡುವುದು, ಡೈರಿ ಬರೆಯುವುದು, ಮೂಗು ಒರೆಸುವುದು ಪಕ್ಕದಲ್ಲಿ ನಿಂತ ಚೀನೀ ಸಹಾಯಕಿ; ಆಕೆಯ ಸಂಬಳ ಎಷ್ಟೋ ಪಾಲು ಕಡಿಮೆ. ಆ ಯುವತಿ ಸರ್ಬಿಯಾದವಳೋ ಉಕ್ರೇನಿನವಳೋ ಆಗಿದ್ದರೆ ಮಾಲೀಕರು "ಅಮೆರಿಕದವಳು ಅನ್ನು" ಎಂದು ಮೊದಲೇ ಹೇಳಿರುತ್ತಾರೆ. ಅವಳ ಬಳಿ ವಿದ್ಯಾರ್ಥಿ ವೀಸಾ ಇದ್ದೀತು, ಕೆಲಸದ ಪರವಾನಗಿ ಇರುವುದಿಲ್ಲ. ಲಂಡನ್ನಿನಲ್ಲೇ ಹುಟ್ಟಿದ ಕನ್ನಡದ ಮನೆಯ ಹುಡುಗಿಗೆ ಕಾನೂನಿನ ಪ್ರಕಾರ ಎಲ್ಲ ಅರ್ಹತೆ ಇದ್ದರೂ ಫೋಟೊ ಕಳಿಸಿದ ಮೇಲೆ ದಲ್ಲಾಳಿಯಿಂದ ಉತ್ತರವೇ ಬರದಿರಬಹುದು. ಜಾಹೀರಾತುಗಳಲ್ಲಿ "ಯುರೋಪು-ಅಮೆರಿಕದ ಮುಖ" ಎಂದು ನೇರವಾಗಿ ಬರೆದದ್ದೂ ಉಂಟು.

ಸಿಕ್ಕಿಬಿದ್ದರೆ ಮಣೆ ತೆಗೆಯುವುದು ಬಿಳಿಯರ ಕೆಳಗಿನಿಂದಲೇ. 2013ರ ಜುಲೈ 1ರಿಂದ ಜಾರಿಯಲ್ಲಿರುವ ಪ್ರವೇಶ-ನಿರ್ಗಮನ ಕಾಯ್ದೆಯಂತೆ ಪರವಾನಗಿಯಿಲ್ಲದೆ ದುಡಿದವರಿಗೆ 5,000ದಿಂದ 20,000 ಯುವಾನ್ ದಂಡ, ಗಂಭೀರವಾದರೆ 5ರಿಂದ 15 ದಿನ ಲಾಕಪ್. ಮಾಲೀಕನಿಗೆ ತಲೆಗೆ 10,000, ಒಟ್ಟು ಒಂದು ಲಕ್ಷ ಮೀರದಂತೆ. ದೇಶದಿಂದ ಕಳಿಸಿಬಿಟ್ಟರೆ 1ರಿಂದ 5 ವರ್ಷ, ಗಂಭೀರ ತಪ್ಪಿಗೆ ಗಡೀಪಾರಾದರೆ 10 ವರ್ಷ ವಾಪಸ್ ಬರುವಂತಿಲ್ಲ. ಮೇಲೆ 2021ರ ಜುಲೈನಲ್ಲಿ ಬಂದ, ಮಕ್ಕಳ ಹೋಂವರ್ಕ್ ಮತ್ತು ಹೊರಗಿನ ಟ್ಯೂಷನ್ ಹೊರೆ ಇಳಿಸುವ "ಎರಡು ಇಳಿಕೆ" ನೀತಿ ಶಾಲಾ ವಿಷಯಗಳ ಟ್ಯೂಷನ್ ಉದ್ಯಮವನ್ನೇ ಮುರಿಯಿತು. ವಿದೇಶದಲ್ಲಿ ಕುಳಿತು ಆನ್‌ಲೈನ್ ಪಾಠ ಹೇಳುವವರನ್ನು ನೇಮಿಸುವುದೂ ನಿಂತಿತು.

ಸಂಜೆಗೆ ಸಾನ್‌ಲಿತುನ್ ಬಾರುಗಳು, ವೂದಾವ್‌ಕೌ ವಿದ್ಯಾರ್ಥಿ ಬೀದಿ, ರಷ್ಯನ್ ಫಲಕಗಳ ಯಾಬಾವ್ ರಸ್ತೆ. ಒಂದೊಂದೂ ಒಂದೊಂದು ವರ್ಗದ ಬಿಳಿಯರದು. 2012ರ ಮೇನಲ್ಲಿ ಬ್ರಿಟಿಷನೊಬ್ಬ ಹೆಣ್ಣುಮಗಳ ಮೇಲೆ ಕೈಮಾಡಿದ ವಿಡಿಯೊ ಹರಡಿದಾಗ ಬೀಜಿಂಗ್ ಪೊಲೀಸರು ಅಕ್ರಮ ವಿದೇಶಿಯರ ವಿರುದ್ಧ ನೂರು ದಿನದ ಕಾರ್ಯಾಚರಣೆ ಸಾರಿ ದಾಖಲೆ ತಪಾಸಿಸಿದ್ದು ಇಂಥ ಜಾಗಗಳಲ್ಲೇ. ಮೆಚ್ಚುಗೆ ಎಷ್ಟು ಬೇಗ ಹಗೆಯಾಗುತ್ತದೆಂದು ಆಗ ಗೊತ್ತಾಯಿತು. ಮದುವೆಯಾದವರ ಪಾಡು ಇನ್ನೊಂದು. ಚೀನೀ ಹೆಂಡತಿಯ ಆಧಾರದ ಮೇಲೆ ಸಿಗುವ ಕುಟುಂಬ ಪರವಾನಗಿಯಲ್ಲಿ ವಾಸ ಮಾಡಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ಕಾಯಂ ವಾಸಕ್ಕೆ ಐದು ವರ್ಷದ ದಾಂಪತ್ಯ, ಸತತ ಐದು ವರ್ಷದ ವಾಸ, ವರ್ಷಕ್ಕೆ ಕನಿಷ್ಠ ಒಂಬತ್ತು ತಿಂಗಳು ದೇಶದೊಳಗೆ, ಆದಾಯ ಮತ್ತು ಮನೆ ತೋರಿಸಬೇಕು. 2016ರಲ್ಲಿ ಕಾಯಂ ವಾಸ ಸಿಕ್ಕಿದ್ದು ಇಡೀ ದೇಶದಲ್ಲಿ 1,576 ಜನರಿಗೆ. ನಿಯಮ ಸಡಿಲಿಸುವ ಕರಡನ್ನು 2020ರ ಫೆಬ್ರವರಿಯಲ್ಲಿ ಹೊರಬಿಟ್ಟಾಗ ಜಾಲತಾಣಗಳಲ್ಲಿ ಬೆಂಕಿ ಬಿತ್ತು; ಸಿಟ್ಟಿನ ಬಹುಪಾಲು ಆಫ್ರಿಕನ್ನರ ಮೇಲೆ, ಭಾಷೆ ಅಸಹ್ಯ. ಇಂಥ ದಂಪತಿಗೆ ಚೀನಾದಲ್ಲಿ ಹುಟ್ಟಿದ ಮಗು ಬೀದಿಯವರ ಕಣ್ಣಿಗೆ ವಿದೇಶಿ, ಕಾನೂನಿಗೆ ಚೀನೀ ಪ್ರಜೆ. ಅಪ್ಪನ ದೇಶದ ಪಾಸ್‌ಪೋರ್ಟ್ ಇದ್ದರೂ ಹೊರಹೋಗಲು ಬೇರೆ ಪ್ರಯಾಣ ಪತ್ರ ಮಾಡಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಅಜ್ಜಿ ಮನೆಗೆ ಟಿಕೆಟ್ ಮೊದಲೇ ತೆಗೆದವರು ಕೈಕೈ ಹಿಸುಕಿಕೊಳ್ಳುತ್ತಾರೆ.

ಆರನೆಯ ದಿನ: ಶಿಜಿಯಾಜುವಾಂಗ್

ಬೀಜಿಂಗ್ ವೆಸ್ಟ್‌ನಿಂದ ಸುಮಾರು ಒಂದೂಕಾಲು ಗಂಟೆ, ಹೋಗಿ ಬರಲು ಒಂದು ದಿನ ಸಾಕು. ಊರಲ್ಲಿ ನೋಡಲು ಹೆಚ್ಚೇನಿಲ್ಲ. ಹುತಾತ್ಮರ ಸ್ಮಶಾನಕ್ಕಾಗಿ ಮಾತ್ರ ಬರಬೇಕು. ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಜಪಾನೀಯರ ವಿರುದ್ಧದ ಯುದ್ಧದಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ ಬೆರಳು ಕೊಯ್ದುಕೊಂಡು, ನಂಜೇರಿ 1939ರ ನವೆಂಬರ್ 12ರಂದು ತೀರಿಕೊಂಡ. ಮಾವೊ ಬರೆದ ಲೇಖನದಿಂದಾಗಿ ಆತ ಚೀನೀ ಶಾಲಾ ಮಕ್ಕಳಿಗೆಲ್ಲ ಪರಿಚಿತ. ಅದೇ ಸ್ಮಶಾನದಲ್ಲಿ ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದಾರೆ. ಐವರು ಭಾರತೀಯ ವೈದ್ಯರ ತಂಡದೊಂದಿಗೆ 1938ರಲ್ಲಿ ಹೊರಟ ಇವರು ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು, ಅಲ್ಲಿನ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು, 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿಗೇ ಹೋದರು. ಕಲ್ಲಿನಲ್ಲಿ ಇಬ್ಬರಿಗೂ ಸಮಾನ ಗೌರವವಿದೆ. ಬೀಜಿಂಗ್‌ನ ಶಿಶುವಿಹಾರ ನೋಡಿ ಬಂದವರಿಗೆ ಇದು ಬೇರೆಯೇ ಚೀನಾ ಅನ್ನಿಸುತ್ತದೆ.

ಏಳನೆಯ ದಿನ: ಹಾರ್ಬಿನ್

ಬೀಜಿಂಗ್ ಚಾವ್‌ಯಾಂಗ್ ನಿಲ್ದಾಣದಿಂದ ಬೆಳಗಿನ ರೈಲು ಹಿಡಿದರೆ ಐದು ಗಂಟೆ. ಜನವರಿಯಲ್ಲಿ ಸೊನ್ನೆಗಿಂತ 20-30 ಡಿಗ್ರಿ ಕೆಳಗೆ. ಮೊಬೈಲ್ ಬ್ಯಾಟರಿ ಹೊರಗೆ ತೆಗೆದ ಕೆಲವೇ ನಿಮಿಷಕ್ಕೆ ಮಲಗುತ್ತದೆ, ಪಾವತಿಯೆಲ್ಲ ಮೊಬೈಲಿನಲ್ಲೇ ಆದ್ದರಿಂದ ಒಳಜೇಬಿನಲ್ಲಿಟ್ಟುಕೊಳ್ಳಿ.

ರಷ್ಯನ್ನರು ಚೀನೀ ಪೂರ್ವ ರೈಲುಮಾರ್ಗ ಹಾಕಲು 1898ರಲ್ಲಿ ಬಂದು ಕಟ್ಟಿದ ಊರಿದು. ಶಾಂಘೈನಲ್ಲಿ ಕಂಡ ಕಥೆಯ ಮೊದಲ ಅಧ್ಯಾಯ ಇಲ್ಲಿದೆ. ಬೇರೆ ಬಿಳಿಯರು ಚೀನಾದಲ್ಲಿ ತಪ್ಪು ಮಾಡಿದರೆ ತಮ್ಮದೇ ರಾಯಭಾರಿಯ ಕೋರ್ಟಿಗೆ ಹೋಗುತ್ತಿದ್ದ ಕಾಲದಲ್ಲಿ, 1920ರಲ್ಲಿ ಬೀಜಿಂಗ್ ಸರ್ಕಾರ ತ್ಸಾರ್ ಕಾಲದ ರಾಯಭಾರಿಗಳ ಮಾನ್ಯತೆ ತೆಗೆದುಹಾಕಿತು. ಒಂದೇ ಏಟಿಗೆ ಇಲ್ಲಿನ ರಷ್ಯನ್ನರು ಚೀನೀ ಪೊಲೀಸು, ಚೀನೀ ಜಡ್ಜು, ಚೀನೀ ಜೈಲಿನ ಅಧೀನಕ್ಕೆ ಬಂದರು. 1924ರ ಒಪ್ಪಂದದಂತೆ ರೈಲ್ವೆ ಕೆಲಸ ಸೋವಿಯತ್ ಅಥವಾ ಚೀನೀ ಪ್ರಜೆಗಳಿಗೆ ಮಾತ್ರ. ಕೆಲಸ ಉಳಿಸಿಕೊಳ್ಳಲು ಮನಸ್ಸಿಲ್ಲದೆ ಸೋವಿಯತ್ ಪಾಸ್‌ಪೋರ್ಟ್ ತೆಗೆದುಕೊಂಡವರನ್ನು ಉಳಿದವರು "ಮೂಲಂಗಿ" ಎಂದು ಆಡಿಕೊಂಡರು: ಮೇಲೆ ಕೆಂಪು, ಒಳಗೆ ಬಿಳಿ. 1935ರಲ್ಲಿ ಸೋವಿಯತ್ ಸರ್ಕಾರ ರೈಲುಮಾರ್ಗವನ್ನು ಜಪಾನೀಯರ ಕೈಗೊಂಬೆ ಸರ್ಕಾರಕ್ಕೆ ಮಾರಿತು, 1950ರ ದಶಕದಲ್ಲಿ ಉಳಿದವರೂ ಸೋವಿಯತ್ ದೇಶಕ್ಕೆ, ಆಸ್ಟ್ರೇಲಿಯಾಕ್ಕೆ ಹೊರಟುಹೋದರು.

ಈಗ ಝೊಂಗ್‌ಯಾಂಗ್ ಬೀದಿಯ 1,450 ಮೀಟರ್ ಕಲ್ಲುಹಾಸಿನ ಮೇಲೆ ರಷ್ಯನ್ ಬ್ರೆಡ್ಡು, ಹೊಗೆ ಹಾಕಿದ ಕೆಂಪು ಸಾಸೇಜು, ಒಂದರೊಳಗೊಂದು ಕೂರುವ ಮರದ ಗೊಂಬೆಗಳನ್ನು ಮಾರುವವರು ಚೀನೀಯರೇ. ಸೋಫಿಯಾ ಚರ್ಚಿನ ಮುಂದೆ ದಕ್ಷಿಣದ ಊರುಗಳಿಂದ ಬಂದ ಹುಡುಗಿಯರು ಬಾಡಿಗೆಗೆ ತಂದ ರಷ್ಯನ್ ರಾಜಕುಮಾರಿಯ ಗೌನು, ಕಿರೀಟ ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಬಿಳಿಯರು ಕಾಣಿಸುವುದು ರೆಸ್ಟೊರೆಂಟ್, ಚಳಿಗಾಲದ ಮೇಳಗಳ ವೇದಿಕೆಯ ಮೇಲೆ, ನೃತ್ಯ ತಂಡಗಳಲ್ಲಿ. 2025ರ ಸೆಪ್ಟೆಂಬರ್ 15ರಿಂದ ಒಂದು ವರ್ಷದ ಪ್ರಯೋಗವಾಗಿ ರಷ್ಯನ್ನರಿಗೂ 30 ದಿನ ವೀಸಾ ಬೇಡವೆಂದಾಯಿತು. ಗಡಿ ದಾಟುವುದು ಸುಲಭವಾದಷ್ಟೂ ಆ 30 ದಿನದೊಳಗೇ ಕುಣಿದು ಸಂಪಾದಿಸಿ ಹೋಗೋಣ ಎನ್ನುವ ಆಸೆ ಹೆಚ್ಚುತ್ತದೆ. ಆದರೆ ವೀಸಾ ಬೇಡವೆಂಬುದು ಸುತ್ತಾಟಕ್ಕೆ, ವ್ಯವಹಾರದ ಮಾತುಕತೆಗೆ, ಬಂಧುಗಳ ಭೇಟಿಗೆ. ಕೂಲಿಗೆ ವೇದಿಕೆ ಹತ್ತಲು ಆಯೋಜಕರು ಪ್ರದರ್ಶನದ ಅನುಮತಿ, ಕೆಲಸದ ಕಾಗದ ಎರಡನ್ನೂ ಮುಂಚೆಯೇ ಮಾಡಿಸಿರಬೇಕು. ಮಾಡಿಸದ ಆಯೋಜಕನ ಮೇಳಕ್ಕೆ ಪೊಲೀಸರು ಬಂದರೆ ದಂಡ ಅವನಿಗೂ ಬೀಳುತ್ತದೆ, ಗಂಟು ಕಟ್ಟಿ ರೈಲು ಹತ್ತಬೇಕಾದವರು ಮಾತ್ರ ಕುಣಿದವರು.